ಸ್ಪ್ಯಾನಿಷ್ ಪದವಿ: ಏನು ಓದುವುದು, ಎಲ್ಲಿ ಓದುವುದು, ಮುಂದೆ ಯಾವ ಕೆಲಸ

ದ್ವಿತೀಯ ಪಿಯುಸಿ ಓದುತ್ತಿರುವ ಮಕ್ಕಳಿರುವ ಮೈಸೂರು, ಮಂಡ್ಯದ ಮನೆಗಳಲ್ಲಿ ಎಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ. ಮುಂತಾದ ಪರಿಚಿತ ಹೆಸರುಗಳ ನಡುವೆ ಈಚೆಗೆ ಸ್ಪ್ಯಾನಿಷ್ ಎಂಬ ಹೆಸರೂ ಕೇಳಿಬರತೊಡಗಿದೆ. 2024ರ ಅಕ್ಟೋಬರ್‌ನಲ್ಲಿ ಸ್ಪೇನ್ ಪ್ರಧಾನಿ ಪೆದ್ರೊ ಸಾಂಚೆಸ್ ಭಾರತಕ್ಕೆ ಬಂದಾಗ ಹೊರಬಿದ್ದ ಜಂಟಿ ಹೇಳಿಕೆಯಲ್ಲಿ, ಬೆಂಗಳೂರಿನಲ್ಲಿ ಸ್ಪೇನ್ ತನ್ನ ಕಾನ್ಸುಲೇಟ್ ತೆರೆಯುವ ನಿರ್ಧಾರವನ್ನು ಪ್ರಕಟಿಸಲಾಯಿತು. 2026ನ್ನು ಸಂಸ್ಕೃತಿ, ಪ್ರವಾಸೋದ್ಯಮ ಮತ್ತು ಕೃತಕ ಬುದ್ಧಿಮತ್ತೆಯ ಭಾರತ–ಸ್ಪೇನ್ ವರ್ಷವಾಗಿ ಆಚರಿಸುವುದೆಂದೂ ತೀರ್ಮಾನವಾಯಿತು. ಸ್ಪೇನಿನ ಸಹಯೋಗದ ಸಿ-295 ಸೇನಾ ಸಾರಿಗೆ ವಿಮಾನಗಳ ಜೋಡಣಾ ಕಾರ್ಖಾನೆ ವಡೋದರಾದಲ್ಲಿ ಉದ್ಘಾಟನೆಯಾದದ್ದು ಅದೇ ಭೇಟಿಯಲ್ಲಿ. ಒಟ್ಟು 56 ವಿಮಾನಗಳ ಪೈಕಿ 40 ಅಲ್ಲಿಯೇ ತಯಾರಾಗಬೇಕು. ಬೆಂಗಳೂರಿನ ಕಂಪನಿಗಳ ನೇಮಕಾತಿ ಜಾಹೀರಾತುಗಳಲ್ಲಿ ಸ್ಪ್ಯಾನಿಷ್ ಬಲ್ಲವರಿಗೆ ಬೇಡಿಕೆ ಇರುವುದನ್ನು ಉದ್ಯೋಗ ಹುಡುಕುವವರು ಗಮನಿಸಿರುತ್ತಾರೆ.

ಆದರೆ ಈ ಭಾಷೆಯನ್ನು ವಿಶ್ವವಿದ್ಯಾಲಯದಲ್ಲಿ ಓದುವುದೆಂದರೆ ಏನು, ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೆ, ಕೊನೆಗೆ ಕೈಗೆ ಬರುವ ಕೆಲಸದ ಸ್ವರೂಪ ಎಂಥದು ಎಂಬುದನ್ನು ಬಿಡಿಸಿ ಹೇಳುವವರು ನಮ್ಮ ಕಡೆ ಕಡಿಮೆ. ಈ ಲೇಖನ ಆ ಪ್ರಶ್ನೆಗಳನ್ನು ಬುಡದಿಂದ ತೆಗೆದುಕೊಳ್ಳುತ್ತದೆ.

ಯಾವ ಯಾವ ದೇಶಗಳ ಭಾಷೆ

ಸ್ಪ್ಯಾನಿಷ್ ಹುಟ್ಟಿದ್ದು ಯುರೋಪಿನ ಸ್ಪೇನಿನಲ್ಲಾದರೂ ಅದನ್ನು ಮಾತನಾಡುವವರಲ್ಲಿ ಹೆಚ್ಚಿನವರು ಇರುವುದು ಅಟ್ಲಾಂಟಿಕ್ ಸಾಗರದ ಆಚೆಗೆ. ಮೆಕ್ಸಿಕೊದಿಂದ ಹಿಡಿದು ದಕ್ಷಿಣದ ತುದಿಯ ಚಿಲಿ, ಅರ್ಜೆಂಟೀನಾಗಳವರೆಗೆ ಹಬ್ಬಿರುವ ದೇಶಗಳನ್ನು ಒಟ್ಟಾಗಿ ಲ್ಯಾಟಿನ್ ಅಮೆರಿಕ ಎನ್ನುತ್ತಾರೆ. ಪೋರ್ಚುಗೀಸ್ ಮಾತನಾಡುವ ಬ್ರೆಜಿಲ್ ಮತ್ತು ಕೆಲವು ಸಣ್ಣ ನಾಡುಗಳನ್ನು ಬಿಟ್ಟರೆ ಅಲ್ಲಿ ಸ್ಪ್ಯಾನಿಷ್‌ನದೇ ಆಳ್ವಿಕೆ. ಆಫ್ರಿಕದ ಈಕ್ವಟೋರಿಯಲ್ ಗಿನಿಯೂ ಸೇರಿ 20 ಸ್ವತಂತ್ರ ದೇಶಗಳಲ್ಲಿ ಅದು ಆಡಳಿತ ಭಾಷೆ. ತಾಯಿನುಡಿಯಾಗಿ ಆಡುವವರ ಸಂಖ್ಯೆ ಸುಮಾರು 50 ಕೋಟಿ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ನಾಲ್ಕು ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುವುದರಿಂದ ಅಲ್ಲಿನ ಆಸ್ಪತ್ರೆ, ಬ್ಯಾಂಕು, ವಿಮಾ ಕಂಪನಿಗಳು ತಮ್ಮ ಗ್ರಾಹಕರೊಡನೆ ಎರಡು ಭಾಷೆಗಳಲ್ಲಿ ವ್ಯವಹರಿಸುತ್ತವೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಸ್ಪ್ಯಾನಿಷ್ ಒಂದು; ಉಳಿದವು ಅರಬ್ಬಿ, ಚೀನಿ, ಇಂಗ್ಲಿಷ್, ಫ್ರೆಂಚ್ ಮತ್ತು ರಷ್ಯನ್.

ಈ ದೇಶಗಳು ನಮ್ಮಿಂದ ದೂರವಿದ್ದರೂ ಅವುಗಳೊಂದಿಗಿನ ವ್ಯಾಪಾರ ಅಡುಗೆಮನೆಯವರೆಗೂ ಬಂದಿದೆ. ಭಾರತ ಆಮದು ಮಾಡಿಕೊಳ್ಳುವ ಸೋಯಾ ಎಣ್ಣೆಯ ಬಹುಪಾಲು ಬರುವುದು ಅರ್ಜೆಂಟೀನಾದಿಂದ. ತಾಮ್ರದ ಅದಿರು ಚಿಲಿಯಿಂದ, ಚಿನ್ನ ಪೆರು ಮತ್ತು ಬೊಲಿವಿಯಾಗಳಿಂದ ಬರುತ್ತದೆ. ಭಾರತದಿಂದ ಆ ಕಡೆಗೆ ಔಷಧಿ, ಮೋಟಾರ್‌ಸೈಕಲ್, ಕಾರು, ರಾಸಾಯನಿಕಗಳು ಹೋಗುತ್ತವೆ. ವಿದ್ಯುತ್ ವಾಹನಗಳ ಬ್ಯಾಟರಿಗೆ ಬೇಕಾದ ಲಿಥಿಯಂಗಾಗಿ ಭಾರತ ಸರ್ಕಾರದ ಸ್ವಾಮ್ಯದ ಕಾಬಿಲ್ ಸಂಸ್ಥೆಯು 2024ರ ಜನವರಿಯಲ್ಲಿ ಅರ್ಜೆಂಟೀನಾದ ಕಾತಮಾರ್ಕ ಪ್ರಾಂತ್ಯದ ಸರ್ಕಾರಿ ಸಂಸ್ಥೆಯೊಡನೆ ಐದು ಗಣಿ ಪ್ರದೇಶಗಳ ಒಪ್ಪಂದ ಮಾಡಿಕೊಂಡಿದೆ. ಅಂಥ ಒಪ್ಪಂದದ ಹಿಂದೆ ಅಲ್ಲಿನ ಕಾನೂನು, ಪರಿಸರ ಅನುಮತಿ, ಪ್ರಾಂತೀಯ ಕಚೇರಿಗಳ ಕಾಗದಪತ್ರ ಎಲ್ಲವೂ ಸ್ಪ್ಯಾನಿಷ್‌ನಲ್ಲಿಯೇ ಇರುತ್ತವೆ ಎಂಬುದನ್ನು ನೆನೆದರೆ, ಭಾಷೆ ಬಲ್ಲವರ ಅಗತ್ಯ ಎಲ್ಲಿ ಹುಟ್ಟುತ್ತದೆಂದು ತಿಳಿಯುತ್ತದೆ.

ಕನ್ನಡ ಬಲ್ಲವರಿಗೆ ಯಾವುದು ಸುಲಭ, ಯಾವುದು ಕಷ್ಟ

ಸ್ಪ್ಯಾನಿಷ್ ಪಠ್ಯಪುಸ್ತಕಗಳಲ್ಲಿ ಬಹಳಷ್ಟು ಇಂಗ್ಲಿಷ್ ಮಾತನಾಡುವವರನ್ನು ಮನಸ್ಸಿನಲ್ಲಿಟ್ಟು ಬರೆದವು. ಅವರಿಗೆ ಕಷ್ಟವೆನಿಸುವ ಹಲವು ಅಂಶಗಳು ಕನ್ನಡಿಗರಿಗೆ ಸಹಜವಾಗಿಯೇ ಬರುತ್ತವೆ. ಈ ಸಂಗತಿಯನ್ನು ನಮ್ಮ ತರಗತಿಗಳಲ್ಲಿ ಇನ್ನೂ ಹೆಚ್ಚಾಗಿ ಬಳಸಿಕೊಳ್ಳಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮೊದಲು ಉಚ್ಚಾರಣೆ. ಸ್ಪ್ಯಾನಿಷ್‌ನ ಐದು ಸ್ವರಗಳು ಕನ್ನಡದ ಅ, ಎ, ಇ, ಒ, ಉಗಳಿಗೆ ತೀರ ಹತ್ತಿರ. ತ ಮತ್ತು ದ ಧ್ವನಿಗಳು ನಮ್ಮಲ್ಲಿರುವಂತೆಯೇ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ಬರೆದಂತೆ ಓದುವ ಭಾಷೆಯಾದ್ದರಿಂದ ಕೆಲವೇ ನಿಯಮಗಳನ್ನು ಕಲಿತರೆ ಅರ್ಥ ತಿಳಿಯದಿದ್ದರೂ ಒಂದು ಪುಟವನ್ನು ಸರಿಯಾಗಿ ಓದಿಬಿಡಬಹುದು. ಗಮನವಿಡಬೇಕಾದದ್ದು ರ-ಕಾರದಲ್ಲಿ. ಪೆರೊ ಎಂದರೆ ‘ಆದರೆ’, ನಾಲಿಗೆ ಅದುರಿಸಿ ಪೆರ್ರೊ ಎಂದರೆ ‘ನಾಯಿ’.

ಇನ್ನು ವ್ಯಾಕರಣ. ಕನ್ನಡದಲ್ಲಿ ‘ಮಾತನಾಡುತ್ತೇನೆ’ ಎಂದರೆ ಸಾಕು, ‘ನಾನು’ ಎಂದು ಬೇರೆ ಹೇಳಬೇಕಾಗಿಲ್ಲ; ಕ್ರಿಯಾಪದದ ಕೊನೆಯೇ ಮಾತನಾಡುವವರು ಯಾರೆಂದು ತಿಳಿಸುತ್ತದೆ. ಸ್ಪ್ಯಾನಿಷ್‌ನಲ್ಲಿಯೂ ಹಾಗೆಯೇ: ಆಬ್ಲೊ ಎಂದರೆ ‘ಮಾತನಾಡುತ್ತೇನೆ’, ಆಬ್ಲಾಸ್ ಎಂದರೆ ‘ಮಾತನಾಡುತ್ತೀಯೆ’, ಆಬ್ಲಾಮೋಸ್ ಎಂದರೆ ‘ಮಾತನಾಡುತ್ತೇವೆ’. ‘ನೀನು’ ಮತ್ತು ‘ನೀವು’ ಎಂಬ ಭೇದವೂ ತು, ಉಸ್ತೆದ್ ಎಂಬ ರೂಪಗಳಲ್ಲಿ ಇದೆ. ‘ನನಗೆ ಕಾಫಿ ಇಷ್ಟ’ ಎಂಬ ವಾಕ್ಯದಲ್ಲಿ ಇಷ್ಟಪಡುವವರು ಚತುರ್ಥಿ ವಿಭಕ್ತಿಯಲ್ಲಿರುವುದು ಇಂಗ್ಲಿಷಿನವರಿಗೆ ವಿಚಿತ್ರವಾಗಿ ಕಂಡರೂ, ಸ್ಪ್ಯಾನಿಷ್‌ನ ಮೆ ಗುಸ್ತಾ ಎಲ್ ಕಫೆ ಎಂಬ ವಾಕ್ಯದ ಕಟ್ಟಡ ಅಂಥದೇ. ‘ಓದಿದೆ’ ಮತ್ತು ‘ಓದುತ್ತಿದ್ದೆ’ ಎಂಬವುಗಳ ನಡುವಿನ ವ್ಯತ್ಯಾಸವನ್ನು ಬಲ್ಲವರು ಸ್ಪ್ಯಾನಿಷ್‌ನ ಎರಡು ಭೂತಕಾಲಗಳಿಗೆ ಹೆಚ್ಚು ಹೆದರಬೇಕಾಗಿಲ್ಲ. ಕಲಿಯುವವರನ್ನೆಲ್ಲ ಕಾಡುವ ಸಂಭಾವನಾರ್ಥಕ ರೂಪವೂ, ಅಂದರೆ ನಡೆದದ್ದನ್ನು ಹೇಳದೆ ಬಯಕೆ, ಸಂದೇಹ, ಹಾರೈಕೆಗಳನ್ನು ಹೇಳುವ ಕ್ರಿಯಾರೂಪವೂ, ‘ಅವನು ಬರಲಿ ಎಂದು ಆಶಿಸುತ್ತೇನೆ’ ಎಂಬಲ್ಲಿನ ‘ಬರಲಿ’ಯ ಮೂಲಕ ನಮಗೆ ಒಂದಿಷ್ಟು ಪರಿಚಿತವೇ.

ಕಷ್ಟ ಬರುವುದು ಬೇರೆ ಕಡೆ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮೇಜು ಪುಸ್ತಕಗಳೆಲ್ಲ ನಪುಂಸಕ. ಸ್ಪ್ಯಾನಿಷ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ, ಸೂರ್ಯ ಪುಲ್ಲಿಂಗ, ಚಂದ್ರ ಸ್ತ್ರೀಲಿಂಗ. ಪ್ರತಿ ನಾಮಪದವನ್ನೂ ಅದರ ಲಿಂಗದೊಡನೆಯೇ ನೆನಪಿಟ್ಟುಕೊಳ್ಳಬೇಕು, ವಿಶೇಷಣಗಳನ್ನೂ ಅದಕ್ಕೆ ಹೊಂದಿಸಬೇಕು. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ನಾಮಪದದ ಕೊನೆಗೆ ಬಂದರೆ ಅಲ್ಲಿ ಸಂಬಂಧಸೂಚಕ ಪದ ನಾಮಪದಕ್ಕಿಂತ ಮೊದಲು ಬರುತ್ತದೆ. ‘ಇದ್ದಾನೆ’, ‘ಆಗಿದ್ದಾನೆ’ ಎಂಬ ಅರ್ಥಕ್ಕೆ ಎರಡು ಬೇರೆ ಬೇರೆ ಕ್ರಿಯಾಪದಗಳಿದ್ದು, ಯಾವುದನ್ನು ಎಲ್ಲಿ ಬಳಸಬೇಕೆಂಬುದು ರೂಢಿಯಾಗಲು ವರ್ಷಗಳೇ ಹಿಡಿಯುತ್ತವೆ. ಸ್ಪೇನಿನಲ್ಲಿ ಕಂಪ್ಯೂಟರಿಗೆ ಇರುವ ಹೆಸರು ಮೆಕ್ಸಿಕೊದಲ್ಲಿಲ್ಲ. ಅರ್ಜೆಂಟೀನಾದಲ್ಲಿ ‘ನೀನು’ ಎನ್ನುವ ರೂಪವೇ ಬೇರೆ. ಮಂಡ್ಯದ ಮಾತಿಗೂ ಧಾರವಾಡದ ಮಾತಿಗೂ ಇರುವಷ್ಟು ಅಂತರವೆಂದು ಭಾವಿಸಿ ಮುಂದುವರಿಯಬಹುದು. ಒಂದನ್ನು ಚೆನ್ನಾಗಿ ಕಲಿತವರಿಗೆ ಮತ್ತೊಂದು ಕೆಲವೇ ತಿಂಗಳಲ್ಲಿ ಕಿವಿಗೆ ಹೊಂದುತ್ತದೆ.

ಮಟ್ಟಗಳ ಲೆಕ್ಕ

‘ಸ್ಪ್ಯಾನಿಷ್ ಬರುತ್ತದೆ’ ಎಂಬ ಮಾತಿಗೆ ಉದ್ಯೋಗದ ಮಾರುಕಟ್ಟೆಯಲ್ಲಿ ಅರ್ಥವಿಲ್ಲ. ಎಷ್ಟು ಬರುತ್ತದೆ ಎಂಬುದನ್ನು ಅಳೆಯಲು ಯುರೋಪಿನಲ್ಲಿ ರೂಪಿಸಿದ ಆರು ಮೆಟ್ಟಿಲುಗಳ ಒಂದು ಚೌಕಟ್ಟು ಇದೆ: ಎ1, ಎ2, ಬಿ1, ಬಿ2, ಸಿ1, ಸಿ2. ಎ ಮಟ್ಟದವರು ತಮ್ಮ ಪರಿಚಯ ಹೇಳಿಕೊಂಡು ಅಂಗಡಿ, ಬಸ್ಸು, ಹೋಟೆಲುಗಳಲ್ಲಿ ವ್ಯವಹರಿಸಬಲ್ಲರು. ಬಿ1 ತಲುಪಿದವರು ಪರಿಚಿತ ವಿಷಯಗಳ ಬಗ್ಗೆ ಸರಳವಾಗಿ ಮಾತನಾಡಿ, ಬರೆದು ನಿಭಾಯಿಸಬಲ್ಲರು. ಬಿ2 ಎಂದರೆ ಆ ಭಾಷೆಯವರೊಡನೆ ತಡವರಿಸದೆ ಚರ್ಚಿಸುವ, ತಮ್ಮ ವೃತ್ತಿಯ ಕಾಗದಪತ್ರ ಓದಿ ಉತ್ತರಿಸುವ ಮಟ್ಟ. ಭಾಷೆಯೇ ಮುಖ್ಯವಾದ ಕೆಲಸಗಳ ಬಾಗಿಲು ಸಾಮಾನ್ಯವಾಗಿ ತೆರೆಯುವುದು ಇಲ್ಲಿಂದ. ಅನುವಾದ, ಬೋಧನೆಗಳಿಗೆ ಸಿ1 ಬೇಕು.

ಈ ಮಟ್ಟಗಳಿಗೆ ಅಂತರರಾಷ್ಟ್ರೀಯ ಮಾನ್ಯತೆಯ ಪರೀಕ್ಷೆ ಡೆಲೆ. ಇದನ್ನು ಸ್ಪೇನ್ ಸರ್ಕಾರದ ಪರವಾಗಿ ನಡೆಸುವುದು 1991ರಲ್ಲಿ ಸ್ಥಾಪನೆಯಾದ ಸೆರ್ವಾಂತೆಸ್ ಸಂಸ್ಥೆ. ಅದರ ಭಾರತದ ಕೇಂದ್ರ ದೆಹಲಿಯಲ್ಲಿದೆ. ಸಿ1ವರೆಗಿನ ಪರೀಕ್ಷೆಗಳಲ್ಲಿ ಓದು ಮತ್ತು ಬರವಣಿಗೆ ಒಂದು ಗುಂಪು, ಕೇಳಿ ಗ್ರಹಿಸುವುದು ಮತ್ತು ಮಾತು ಇನ್ನೊಂದು ಗುಂಪು. ಎರಡರಲ್ಲೂ ಪ್ರತ್ಯೇಕವಾಗಿ 50ಕ್ಕೆ 30 ಅಂಕ ಬರಬೇಕು. ಬರವಣಿಗೆಯಲ್ಲಿ ಎಷ್ಟೇ ಮುಂದಿದ್ದರೂ ಮಾತಿನ ಗುಂಪಿನಲ್ಲಿ ಹಿಂದೆ ಬಿದ್ದರೆ ತೇರ್ಗಡೆಯಿಲ್ಲ. ಪುಸ್ತಕ ಓದಿ ಪರೀಕ್ಷೆ ಬರೆದು ರೂಢಿಯಿರುವ ನಮ್ಮ ವಿದ್ಯಾರ್ಥಿಗಳು ಇದನ್ನು ಮೊದಲೇ ತಿಳಿದಿರಬೇಕು. ಒಮ್ಮೆ ಪಡೆದ ಡೆಲೆ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ.

ಎಷ್ಟು ಕಾಲ ಬೇಕು? ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯು ಇಂಗ್ಲಿಷ್ ಮಾತೃಭಾಷೆಯವರು ವೃತ್ತಿಗೆ ಸಾಕಾಗುವಷ್ಟು ಸ್ಪ್ಯಾನಿಷ್ ಕಲಿಯಲು 600ರಿಂದ 750 ಗಂಟೆಗಳ ತರಗತಿ ಬೇಕೆಂದು ಲೆಕ್ಕ ಹಾಕಿದೆ. ಮನೆಯ ಅಭ್ಯಾಸ ಇದರ ಮೇಲೆ. ವಾರಕ್ಕೆ ನಾಲ್ಕು ಗಂಟೆಯ ಸಂಜೆ ತರಗತಿಯಾದರೆ ವರ್ಷಕ್ಕೆ ಹೆಚ್ಚೆಂದರೆ 200 ಗಂಟೆಯಾಗುವುದರಿಂದ ಆ ಮಟ್ಟಕ್ಕೆ ಮೂರರಿಂದ ನಾಲ್ಕು ವರ್ಷ ಹಿಡಿಯುತ್ತದೆ. ಮೂರೇ ತಿಂಗಳಲ್ಲಿ ಭಾಷೆ ಕಲಿಸಿ ಕೆಲಸ ಕೊಡಿಸುತ್ತೇವೆ ಎನ್ನುವ ಜಾಹೀರಾತುಗಳನ್ನು ಈ ಲೆಕ್ಕ ಮುಂದಿಟ್ಟುಕೊಂಡು ಓದುವುದು ಒಳ್ಳೆಯದು.

ಪದವಿ ತರಗತಿಯಲ್ಲಿ ಏನು ನಡೆಯುತ್ತದೆ

ಸ್ಪ್ಯಾನಿಷ್ ಬಿ.ಎ. ಆನರ್ಸ್‌ಗೆ ಸೇರಲು ಮೊದಲೇ ಸ್ಪ್ಯಾನಿಷ್ ಬಂದಿರಬೇಕಾಗಿಲ್ಲ. ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದವರೂ ಅಕ್ಷರಮಾಲೆಯಿಂದಲೇ ಆರಂಭಿಸುತ್ತಾರೆ. ಮೊದಲ ವರ್ಷದ ಬಹುಪಾಲು ಸಮಯ ಭಾಷೆಯದೇ: ಕೇಳುವುದು, ಹೇಳುವುದು, ಸಣ್ಣ ಬರವಣಿಗೆ. ಆರಂಭದಲ್ಲಿ ವಿವರಣೆ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲ ಕೆಲವು ತಿಂಗಳು ಎರಡು ಭಾಷೆಗಳ ಭಾರ ಹೊರಬೇಕಾಗುತ್ತದೆ. ಕ್ರಮೇಣ ಪಾಠವೇ ಸ್ಪ್ಯಾನಿಷ್‌ಗೆ ತಿರುಗಿದಾಗ ಈ ವ್ಯತ್ಯಾಸ ಅಳಿಯುತ್ತದೆ, ಏಕೆಂದರೆ ಅಲ್ಲಿ ಎಲ್ಲರೂ ಹೊಸಬರೇ.

ಎರಡನೆಯ ವರ್ಷದಿಂದ ಭಾಷೆಯ ಜೊತೆಗೆ ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕಗಳ ಇತಿಹಾಸ, ಸಮಾಜ, ಸಾಹಿತ್ಯದ ಪರಿಚಯ ಬರುತ್ತದೆ. ಮೂರನೆಯ ವರ್ಷದಲ್ಲಿ ಅನುವಾದ, ಭಾಷಾವಿಜ್ಞಾನ, ಸಾಹಿತ್ಯದ ಆಳವಾದ ಓದು. ಹೊಸ ಶಿಕ್ಷಣ ನೀತಿಯಂತೆ ಕೆಲವೆಡೆ ನಾಲ್ಕನೆಯ ವರ್ಷವೂ ಇದೆ. ಸರ್ಟಿಫಿಕೇಟ್, ಡಿಪ್ಲೊಮಾ ಕೋರ್ಸುಗಳಿಗೂ ಪದವಿಗೂ ಇರುವ ಮುಖ್ಯ ಭೇದ ಇಲ್ಲಿದೆ. ಸರ್ಟಿಫಿಕೇಟ್ ಭಾಷೆಯ ಬಳಕೆಯನ್ನು ಕಲಿಸಿ ನಿಲ್ಲುತ್ತದೆ. ಪದವಿ ಆ ಭಾಷೆಯ ಜನ ಹೇಗೆ ಬದುಕಿದರು, ಅವರ ಸಂಸ್ಥೆಗಳು ಹೇಗೆ ಕೆಲಸ ಮಾಡುತ್ತವೆ, ಒಂದು ಮಾತನ್ನು ಏಕೆ ಹಾಗೆ ಹೇಳುತ್ತಾರೆ ಎಂಬಲ್ಲಿಗೆ ಕರೆದೊಯ್ಯುತ್ತದೆ. ಎಂ.ಎ., ಸಂಶೋಧನೆ, ಅಧ್ಯಾಪನಗಳ ದಾರಿ ಸಾಮಾನ್ಯವಾಗಿ ಪದವಿಯಿಂದಲೇ.

ಎಲ್ಲಿ ಓದಬಹುದು

ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್, ಪೋರ್ಚುಗೀಸ್, ಇಟಾಲಿಯನ್ ಮತ್ತು ಲ್ಯಾಟಿನ್ ಅಮೆರಿಕನ್ ಅಧ್ಯಯನಕ್ಕೇ ಒಂದು ಕೇಂದ್ರವಿದ್ದು, ಬಿ.ಎ.ಯಿಂದ ಪಿಎಚ್.ಡಿ.ವರೆಗೆ ಓದಬಹುದು. ದೆಹಲಿ ವಿಶ್ವವಿದ್ಯಾಲಯ ಮತ್ತು ಜಾಮಿಯಾ ಮಿಲಿಯಾ ಇಸ್ಲಾಮಿಯಾಗಳಲ್ಲಿಯೂ ಸ್ಪ್ಯಾನಿಷ್ ಪದವಿಯಿದೆ. ನಮಗೆ ಹತ್ತಿರವಾದದ್ದು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. 1958ರಲ್ಲಿ ಇಂಗ್ಲಿಷ್ ಅಧ್ಯಾಪಕರ ತರಬೇತಿಗೆಂದು ಆರಂಭವಾದ ಸಂಸ್ಥೆ 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಇವೆಲ್ಲ ಕೇಂದ್ರ ಸರ್ಕಾರದ ವಿಶ್ವವಿದ್ಯಾಲಯಗಳಾದ್ದರಿಂದ ಶುಲ್ಕ ಖಾಸಗಿ ಕಾಲೇಜುಗಳಿಗಿಂತ ಬಹಳ ಕಡಿಮೆ. ಮನೆಯವರು ಲೆಕ್ಕ ಹಾಕಬೇಕಾದದ್ದು ಮುಖ್ಯವಾಗಿ ವಸತಿ, ಊಟ, ಪ್ರಯಾಣದ ಖರ್ಚನ್ನು. ಹಾಸ್ಟೆಲ್ ಸಿಗುವ ಖಾತರಿ ಇದೆಯೇ ಎಂಬುದನ್ನು ಸೇರುವ ಮೊದಲೇ ವಿಚಾರಿಸಿಕೊಳ್ಳಬೇಕು.

ಊರು ಬಿಟ್ಟು ಹೋಗಲಾಗದವರಿಗೂ ದಾರಿಯಿದೆ. ಬೆಂಗಳೂರು ನಗರ ವಿಶ್ವವಿದ್ಯಾಲಯದ ಜಾಗತಿಕ ಭಾಷೆಗಳ ಕೇಂದ್ರದಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ ಹಂತಗಳ ಭಾಷಾ ಶಿಕ್ಷಣವಿದೆ. ದೂರಶಿಕ್ಷಣಕ್ಕೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಇದೆ. ಮೈಸೂರಿನಲ್ಲಿಯೋ ಮಂಡ್ಯದಲ್ಲಿಯೋ ಬಿ.ಕಾಂ., ಬಿಸಿಎ ಅಥವಾ ಬಿ.ಎಸ್‌ಸಿ. ಓದುತ್ತಲೇ ಆನ್‌ಲೈನ್ ತರಗತಿಗಳ ಮೂಲಕ ಡೆಲೆ ಪರೀಕ್ಷೆಗೆ ಸಿದ್ಧರಾಗಬಹುದು. ಮೂರು ವರ್ಷ ಬಿಡದೆ ಮಾಡಿದರೆ ಪದವಿ ಮುಗಿಯುವ ಹೊತ್ತಿಗೆ ಬಿ1 ದಾಟಿ ಬಿ2 ಹತ್ತಿರ ಬಂದಿರಬಹುದು.

ಈ ಎರಡು ದಾರಿಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅಧ್ಯಾಪಕರು, ಅನುವಾದಕರು, ದುಭಾಷಿಗಳು ಆಗಬೇಕೆನ್ನುವವರಿಗೆ ಪೂರ್ಣ ಪದವಿಯೇ ಬೇಕು. ಕಂಪನಿಗಳ ಕೆಲಸವೇ ಗುರಿಯಾದರೆ ಭಾಷೆಯ ಜೊತೆಗೆ ಲೆಕ್ಕಶಾಸ್ತ್ರ, ಕಂಪ್ಯೂಟರ್, ಔಷಧ ವಿಜ್ಞಾನ, ಕಾನೂನು ಮುಂತಾದ ಮತ್ತೊಂದು ವಿದ್ಯೆ ಕೈಯಲ್ಲಿರುವುದು ಬಹಳ ಮುಖ್ಯ. ಮಂಡ್ಯದ ಓದುಗರಿಗೆ ಇದನ್ನು ವಿಶ್ವೇಶ್ವರಯ್ಯ ನಾಲೆಯ ಮೂಲಕ ಹೇಳಬಹುದು: ಕನ್ನಂಬಾಡಿಯಿಂದ ನೀರು ಎಷ್ಟೇ ರಭಸವಾಗಿ ಹರಿದು ಬಂದರೂ, ತೂಬು ತೆಗೆದು ತಿರುಗಿಸಿಕೊಳ್ಳಲು ಉತ್ತು ಹದಮಾಡಿದ ಗದ್ದೆ ಇರದಿದ್ದರೆ ಬೆಳೆ ಬರುವುದಿಲ್ಲ. ಭಾಷೆ ಆ ನೀರು, ಎರಡನೆಯ ವಿದ್ಯೆ ಗದ್ದೆ.

ಕಂಪನಿಗಳಲ್ಲಿ ಭಾಷೆಯ ಕೆಲಸ

ಸ್ಪ್ಯಾನಿಷ್ ಕಲಿತ ಭಾರತೀಯರಲ್ಲಿ ಅನೇಕರು ಮೊದಲು ಸೇರುವುದು ಬಹುರಾಷ್ಟ್ರೀಯ ಕಂಪನಿಗಳ ಸೇವಾ ಕೇಂದ್ರಗಳಿಗೆ. ವಿದೇಶಿ ಕಂಪನಿಯೊಂದು ತನ್ನ ಲೆಕ್ಕಪತ್ರ, ಖರೀದಿ, ಸಿಬ್ಬಂದಿ ವ್ಯವಹಾರ, ತಂತ್ರಾಂಶದ ಕೆಲಸಗಳನ್ನು ಭಾರತದಲ್ಲಿ ತನ್ನದೇ ಕಚೇರಿ ತೆರೆದು ನಡೆಸಿದರೆ ಅದನ್ನು ಜಾಗತಿಕ ಸಾಮರ್ಥ್ಯ ಕೇಂದ್ರ ಎನ್ನುತ್ತಾರೆ. ಇಂಥ 500 ಹೊಸ ಕೇಂದ್ರಗಳನ್ನು ತರುವ ಗುರಿಯಿಟ್ಟು ಕರ್ನಾಟಕ ಸರ್ಕಾರ 2024ರ ನವೆಂಬರ್‌ನಲ್ಲಿ ಪ್ರತ್ಯೇಕ ನೀತಿಯನ್ನೇ ಪ್ರಕಟಿಸಿದ್ದು, ಬೆಂಗಳೂರಿನ ಆಚೆಯ ಮೈಸೂರಿನಂಥ ನಗರಗಳಿಗೂ ಅವುಗಳನ್ನು ಸೆಳೆಯುವ ಉದ್ದೇಶ ಅದರಲ್ಲಿದೆ.

ಅಲ್ಲಿನ ದಿನಚರಿ ಹೀಗಿರುತ್ತದೆ. ಮೆಕ್ಸಿಕೊದ ಪೂರೈಕೆದಾರರೊಬ್ಬರು ಕಳಿಸಿದ ಬಿಲ್ಲು ತಾಳೆಯಾಗುತ್ತಿಲ್ಲ. ಅವರಿಗೆ ಸ್ಪ್ಯಾನಿಷ್‌ನಲ್ಲಿ ಇಮೇಲ್ ಬರೆದು, ಅಗತ್ಯವಾದರೆ ಫೋನಿನಲ್ಲಿ ಮಾತನಾಡಿ, ಅಲ್ಲಿನ ತೆರಿಗೆ ನಿಯಮಕ್ಕೆ ಹೊಂದುವಂತೆ ಸರಿಪಡಿಸಬೇಕು. ಬಿ.ಕಾಂ. ಓದಿ ಬಿ2 ಮಟ್ಟದ ಸ್ಪ್ಯಾನಿಷ್ ಇರುವವರಿಗೆ ಇದು ಹೇಳಿ ಮಾಡಿಸಿದ ಕೆಲಸ. ಗ್ರಾಹಕರ ದೂರುಗಳಿಗೆ ಉತ್ತರಿಸುವುದು, ತಂತ್ರಾಂಶವನ್ನು ಸ್ಪ್ಯಾನಿಷ್ ಬಳಕೆದಾರರಿಗೆ ಒಗ್ಗಿಸುವುದು, ಔಷಧಗಳ ಅಡ್ಡಪರಿಣಾಮದ ವರದಿಗಳನ್ನು ಓದಿ ದಾಖಲಿಸುವುದು ಇಂಥವೇ ಇತರ ಕೆಲಸಗಳು. ಭಾರತದ ಐಟಿ ಕಂಪನಿಗಳೂ ಆ ನಾಡುಗಳಲ್ಲಿ ಕಚೇರಿ ತೆರೆದಿವೆ: ಟಿಸಿಎಸ್ 2002ರಲ್ಲಿ ಉರುಗ್ವೆಯಲ್ಲಿ, ಮೈಸೂರಿನಲ್ಲಿ ದೊಡ್ಡ ತರಬೇತಿ ಆವರಣವಿರುವ ಇನ್ಫೋಸಿಸ್ 2007ರಲ್ಲಿ ಮೆಕ್ಸಿಕೊದ ಮೊಂತೆರ್ರೆಯಲ್ಲಿ. ಅಲ್ಲಿನವರೊಡನೆ ಸೇರಿ ಕೆಲಸ ಮಾಡುವ ಎಂಜಿನಿಯರಿಗೆ ಭಾಷೆ ಬಂದರೆ ಅದು ಹೆಚ್ಚುವರಿ ಬಲ.

ಕೆಲಸಕ್ಕೆ ಒಪ್ಪುವ ಮೊದಲು ಕೇಳಲೇಬೇಕಾದ ಪ್ರಶ್ನೆ ಯಾವ ದೇಶದ ಗ್ರಾಹಕರು ಎಂಬುದು. ಸ್ಪೇನ್ ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದಿದೆ. ಆದ್ದರಿಂದ ಅಲ್ಲಿನ ಬೆಳಿಗ್ಗೆ 9 ಗಂಟೆಯೆಂದರೆ ನಮ್ಮ ಮಧ್ಯಾಹ್ನದ ಹೊತ್ತು. ಅರ್ಜೆಂಟೀನಾದ ಕಚೇರಿ ತೆರೆಯುವಾಗ ಇಲ್ಲಿ ಸಂಜೆ ಐದೂವರೆ. ಕೊಲಂಬಿಯಾ, ಪೆರುಗಳ ಬೆಳಿಗ್ಗೆ ಒಂಬತ್ತು ಇಲ್ಲಿನ ರಾತ್ರಿ ಏಳೂವರೆ, ಮೆಕ್ಸಿಕೊ ನಗರದ್ದು ರಾತ್ರಿ ಎಂಟೂವರೆ. ಲ್ಯಾಟಿನ್ ಅಮೆರಿಕದ ಗ್ರಾಹಕರೆಂದರೆ ಹೆಚ್ಚಾಗಿ ರಾತ್ರಿ ಪಾಳಿ. ವರ್ಷಗಟ್ಟಲೆ ರಾತ್ರಿ ಎಚ್ಚರವಿರುವುದು ಆರೋಗ್ಯಕ್ಕೂ ಸಂಸಾರಕ್ಕೂ ಹೊರೆಯಾಗುವುದರಿಂದ, ಸಂಬಳದಷ್ಟೇ ಗಂಭೀರವಾಗಿ ಇದನ್ನೂ ಯೋಚಿಸಬೇಕು. ಭಾಷಾ ಭತ್ಯೆ ಮೂಲ ಸಂಬಳದಲ್ಲಿ ಸೇರಿದೆಯೇ, ಪ್ರತ್ಯೇಕವೇ ಎಂಬುದನ್ನು ನೇಮಕಾತಿ ಪತ್ರದಲ್ಲಿ ನೋಡಿಕೊಳ್ಳಬೇಕು.

ಅನುವಾದಕರು ಮತ್ತು ದುಭಾಷಿಗಳು

ಅನುವಾದಕರು ಬರಹವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುತ್ತಾರೆ; ದುಭಾಷಿಗಳು ಮಾತನ್ನು. ದುಭಾಷಿಯ ಕೆಲಸದಲ್ಲಿ ಎರಡು ಬಗೆ. ಮಾತನಾಡುವವರು ನಿಲ್ಲಿಸಿದ ಮೇಲೆ ಅದನ್ನು ಮತ್ತೊಂದು ಭಾಷೆಯಲ್ಲಿ ಹೇಳುವುದು ಮೊದಲನೆಯದು. ವ್ಯಾಪಾರದ ಮಾತುಕತೆ, ಕಾರ್ಖಾನೆ ಭೇಟಿಗಳಲ್ಲಿ ಹೆಚ್ಚಾಗಿ ಬೇಕಾಗುವುದು ಇದೇ. ಮಾತು ನಡೆಯುತ್ತಿರುವಾಗಲೇ ಗಾಜಿನ ಕೋಣೆಯಲ್ಲಿ ಕುಳಿತು ಜೊತೆಜೊತೆಗೆ ಹೇಳುತ್ತಾ ಹೋಗುವುದು ಎರಡನೆಯದು. ಇದು ಮೆದುಳನ್ನು ಎಷ್ಟು ದಣಿಸುತ್ತದೆಯೆಂದರೆ ಇಬ್ಬರು ಜೊತೆಯಾಗಿ ಕುಳಿತು 20–30 ನಿಮಿಷಕ್ಕೊಮ್ಮೆ ಸರದಿ ಬದಲಾಯಿಸಿಕೊಳ್ಳುತ್ತಾರೆ.

ಯಂತ್ರಾನುವಾದ ಬಂದ ಮೇಲೆ ಈ ವೃತ್ತಿ ಉಳಿದೀತೇ ಎಂದು ಹೆತ್ತವರು ಕೇಳುವುದು ನ್ಯಾಯವೇ. ಸಾಮಾನ್ಯ ಇಮೇಲ್, ಸರಕುಗಳ ವಿವರಣೆಯಂಥ ಬರಹಗಳ ಅನುವಾದದಲ್ಲಿ ಮನುಷ್ಯರ ಕೆಲಸ ಕಡಿಮೆಯಾಗಿದೆ, ಯಂತ್ರ ಕೊಟ್ಟ ಕರಡನ್ನು ತಿದ್ದುವ ಕೆಲಸ ಹೆಚ್ಚಾಗಿದೆ. ಒಪ್ಪಂದ, ಔಷಧದ ಪ್ರಮಾಣ, ನ್ಯಾಯಾಲಯದ ದಾಖಲೆ, ಯಂತ್ರದ ಸುರಕ್ಷತಾ ಸೂಚನೆ ಇಂಥವುಗಳಲ್ಲಿ ಒಂದು ಪದ ತಪ್ಪಿದರೂ ಹೊಣೆ ಹೊರುವ ಒಬ್ಬ ವ್ಯಕ್ತಿ ಬೇಕು. ಸ್ಪೇನಿನಲ್ಲಿ ಅಧಿಕೃತ ಕಾಗದಪತ್ರಗಳನ್ನು ಪ್ರಮಾಣೀಕರಿಸಿ ಅನುವಾದಿಸುವವರನ್ನು ಅಲ್ಲಿನ ವಿದೇಶಾಂಗ ಸಚಿವಾಲಯವೇ ನೇಮಿಸುತ್ತದೆ. ಹಾಗಾಗಿ ಮುಂದಿನ ದಿನಗಳ ಅನುವಾದಕರು ಕಾನೂನು, ವೈದ್ಯಕೀಯ, ತಾಂತ್ರಿಕ ಮುಂತಾದ ಒಂದು ಕ್ಷೇತ್ರದಲ್ಲಿ ಆಳಕ್ಕೆ ಇಳಿಯಬೇಕು. ಭಾಷಾವಿಜ್ಞಾನದಲ್ಲಿ ಆಸಕ್ತಿಯಿರುವವರಿಗೆ ಮೈಸೂರೇ ದೊಡ್ಡ ನೆಲೆ. 1969ರಿಂದ ಇಲ್ಲಿರುವ ಭಾರತೀಯ ಭಾಷಾ ಸಂಸ್ಥಾನದಲ್ಲಿ ರಾಷ್ಟ್ರೀಯ ಅನುವಾದ ಮಿಷನ್ ಕೂಡ ಇದೆ. ಅವುಗಳ ಕಾರ್ಯಕ್ಷೇತ್ರ ಭಾರತೀಯ ಭಾಷೆಗಳಾದರೂ ಅನುವಾದದ ತತ್ತ್ವ, ಪದಕೋಶ ರಚನೆಗಳ ಅರಿವು ಯಾವ ಭಾಷೆಗೂ ಸಲ್ಲುತ್ತದೆ.

ವಿಶ್ವಸಂಸ್ಥೆಯ ಕೆಲಸದ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅಲ್ಲಿನ ಭಾಷಾ ಸಿಬ್ಬಂದಿ ಸಾಮಾನ್ಯವಾಗಿ ತಮ್ಮ ಮುಖ್ಯ ಭಾಷೆಗೆ ಅನುವಾದಿಸುತ್ತಾರೆ. ಸ್ಪ್ಯಾನಿಷ್ ವಿಭಾಗ ಸ್ಪ್ಯಾನಿಷ್‌ನಲ್ಲೇ ಬೆಳೆದವರದು. ಭಾರತೀಯರಿಗೆ ಹೆಚ್ಚು ಸಾಧ್ಯವಾದದ್ದು ಇಂಗ್ಲಿಷ್ ವಿಭಾಗ. ಅದಕ್ಕೆ ಇಂಗ್ಲಿಷ್ ಮೇಲೆ ಸಂಪೂರ್ಣ ಹಿಡಿತದೊಡನೆ ಸ್ಪ್ಯಾನಿಷ್ ಒಂದೇ ಸಾಲದೆ ಫ್ರೆಂಚ್ ಕೂಡ ಬೇಕಾಗುತ್ತದೆ, ಸ್ಪರ್ಧಾತ್ಮಕ ಪರೀಕ್ಷೆಯನ್ನೂ ದಾಟಬೇಕು.

ಸರ್ಕಾರಿ ಕೆಲಸ ಮತ್ತು ಬೋಧನೆ

ನಾಗರಿಕ ಸೇವಾ ಪರೀಕ್ಷೆಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಸ್ಪ್ಯಾನಿಷ್ ಇಲ್ಲ. ಆದರೆ ಯಾವ ಪದವೀಧರರೂ ಆ ಪರೀಕ್ಷೆ ಬರೆಯಬಹುದಾದ್ದರಿಂದ ಸ್ಪ್ಯಾನಿಷ್ ಬಿ.ಎ. ಅದಕ್ಕೆ ಅಡ್ಡಿಯಲ್ಲ. ಭಾರತೀಯ ವಿದೇಶಾಂಗ ಸೇವೆಗೆ ಆಯ್ಕೆಯಾದವರಿಗೆಲ್ಲ ಒಂದು ವಿದೇಶಿ ಭಾಷೆ ಕಡ್ಡಾಯ, ಸ್ಪ್ಯಾನಿಷ್ ಅವುಗಳಲ್ಲಿ ಒಂದು. ದೆಹಲಿಯಲ್ಲಿ ಸ್ಪ್ಯಾನಿಷ್ ಭಾಷಿಕ ದೇಶಗಳ ಹಲವು ರಾಯಭಾರ ಕಚೇರಿಗಳಿದ್ದು, ಸ್ಥಳೀಯ ಸಿಬ್ಬಂದಿಯಾಗಿ ಭಾಷೆ ಬಲ್ಲವರನ್ನು ತೆಗೆದುಕೊಳ್ಳುತ್ತವೆ.

ಬೋಧನೆಯಲ್ಲಿ ಎರಡು ದಾರಿ. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎ. ಮುಗಿಸಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು; ಸ್ಪ್ಯಾನಿಷ್ ಆ ಪರೀಕ್ಷೆಯ ಒಂದು ವಿಷಯ. ಶಾಲೆಗಳಲ್ಲಿ ಅವಕಾಶವಿರುವುದು ಮುಖ್ಯವಾಗಿ ದೊಡ್ಡ ನಗರಗಳ ಖಾಸಗಿ ಮತ್ತು ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳಲ್ಲಿ. ಆನ್‌ಲೈನ್ ಪಾಠ ಹೇಳುವವರಿಗೆ ಊರಿನ ಮಿತಿಯೇ ಇಲ್ಲದಿರುವುದು ನಮ್ಮ ಭಾಗದವರಿಗೆ ಅನುಕೂಲ.

ಮೈಸೂರಿನ ಅಂಗಳದಲ್ಲಿ

ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಪರಂಪರೆಯಿಂದಾಗಿ ಗೋಕುಲಂ ಬಡಾವಣೆಗೆ ಪ್ರತಿವರ್ಷ ಅನೇಕ ದೇಶಗಳ ವಿದ್ಯಾರ್ಥಿಗಳು ಬಂದು ತಿಂಗಳುಗಟ್ಟಲೆ ಉಳಿಯುತ್ತಾರೆ. ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನಾಗಳಿಂದ ಬರುವವರೂ ಅವರಲ್ಲಿದ್ದಾರೆ. ಬಾಡಿಗೆ ಮನೆ, ವೈದ್ಯರ ಭೇಟಿ, ವೀಸಾ ಕಾಗದಪತ್ರ, ಆಯುರ್ವೇದ ಚಿಕಿತ್ಸೆಯ ವಿವರಣೆ ಇವೆಲ್ಲದರಲ್ಲಿ ಅವರ ಭಾಷೆ ಬಲ್ಲ ಸ್ಥಳೀಯರಿಗೆ ಸ್ಥಾನವಿದೆ. ಅರಮನೆ, ಶ್ರೀರಂಗಪಟ್ಟಣ, ಸೋಮನಾಥಪುರಗಳನ್ನು ಸ್ಪ್ಯಾನಿಷ್‌ನಲ್ಲಿ ವಿವರಿಸಬಲ್ಲ ಪರವಾನಗಿ ಪಡೆದ ಮಾರ್ಗದರ್ಶಿಗೆ ಪ್ರವಾಸ ಸಂಸ್ಥೆಗಳು ಹೆಚ್ಚಿನ ದರ ಕೊಡುತ್ತವೆ. ಇದು ಋತುವನ್ನು ನಂಬಿದ ಆದಾಯ; ಮತ್ತೊಂದು ಕೆಲಸದ ಜೊತೆಗೆ ಇಟ್ಟುಕೊಂಡರೆ ಚೆನ್ನು.

ಇನ್ನೊಂದು ಕ್ಷೇತ್ರದಲ್ಲಿ ಹಣ ಕಡಿಮೆ, ಅಗತ್ಯ ಮಾತ್ರ ದೊಡ್ಡದು. ಲ್ಯಾಟಿನ್ ಅಮೆರಿಕದ ಸಾಹಿತ್ಯ ಕನ್ನಡಕ್ಕೆ ಬಂದಿರುವುದು ಬಹುಮಟ್ಟಿಗೆ ಇಂಗ್ಲಿಷ್ ಮೂಲಕ. ಕುವೆಂಪು, ಬೇಂದ್ರೆಯವರ ನಾಡಿನ ಸಾಹಿತ್ಯವೂ ಆ ದೇಶಗಳಿಗೆ ಮುಟ್ಟಬೇಕಾದರೆ ಇಂಗ್ಲಿಷಿನ ಸೇತುವೆಯನ್ನೇ ನೆಚ್ಚಬೇಕಾಗಿದೆ. ಎರಡೂ ಭಾಷೆಗಳ ಒಳಗುಟ್ಟು ಬಲ್ಲವರು ಬೆರಳೆಣಿಕೆಯಷ್ಟಾದರೂ ತಯಾರಾದರೆ ಈ ಕೊರತೆ ನೀಗುತ್ತದೆ. ತಮ್ಮ ಸಾಹಿತ್ಯವನ್ನು ಪರಭಾಷೆಗಳಿಗೆ ತರಲು ಧನಸಹಾಯ ನೀಡುವ ಯೋಜನೆಗಳನ್ನು ಸ್ಪೇನ್ ಮತ್ತು ಅರ್ಜೆಂಟೀನಾ ಸರ್ಕಾರಗಳು ರೂಪಿಸಿವೆ. ಅರ್ಜೆಂಟೀನಾದ ‘ಸುರ್’ ಯೋಜನೆ ಆರಂಭವಾದದ್ದು 2009ರಲ್ಲಿ. ಪದವಿಯ ಓದಿನಲ್ಲಿ ಸಾಹಿತ್ಯಕ್ಕೆ ಕೊಡುವ ಸಮಯ ವ್ಯರ್ಥವೆಂದು ಭಾವಿಸುವ ಹೆತ್ತವರು ಈ ಸಾಧ್ಯತೆಯನ್ನೂ ಗಮನಿಸಬೇಕೆಂದು ಬಯಸುತ್ತೇನೆ.

ಅರ್ಜಿ ಹಾಕುವ ಕಾಲ

ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಬಹುಪಾಲು ನಡೆಯುವುದು 2022ರಲ್ಲಿ ಆರಂಭವಾದ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ನಮ್ಮ ವಿದ್ಯಾರ್ಥಿಗಳು ಅವಕಾಶ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಪಿಯುಸಿ ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕಾಯುವಷ್ಟರಲ್ಲಿ ಅರ್ಜಿಯ ಗಡುವು ಮುಗಿದಿರುತ್ತದೆ, ಏಕೆಂದರೆ ಅರ್ಜಿ ಕರೆಯುವುದು ವರ್ಷದ ಮೊದಲ ತಿಂಗಳುಗಳಲ್ಲಿ, ಬೋರ್ಡ್ ಪರೀಕ್ಷೆಯ ಆಸುಪಾಸಿನಲ್ಲಿ. ಪರೀಕ್ಷೆಯನ್ನು ಬರೆಯಬಹುದಾದ 13 ಭಾಷೆಗಳಲ್ಲಿ ಕನ್ನಡವೂ ಇದೆ. ಆದರೆ ಸ್ಪ್ಯಾನಿಷ್ ಬಿ.ಎ.ಗೆ ಯಾವ ವಿಶ್ವವಿದ್ಯಾಲಯ ಯಾವ ಪತ್ರಿಕೆಗಳನ್ನು ಕಡ್ಡಾಯ ಮಾಡಿದೆ, ಇಂಗ್ಲಿಷ್ ಪತ್ರಿಕೆ ಬೇಕೇ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಿ, ಅದಕ್ಕೆ ತಕ್ಕಂತೆ ಅರ್ಜಿಯಲ್ಲಿ ವಿಷಯಗಳನ್ನು ಆರಿಸಬೇಕು. ಪರೀಕ್ಷೆಯ ಅಂಕ ಬಂದ ಬಳಿಕ ಪ್ರತಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪ್ರತ್ಯೇಕವಾಗಿ ಮತ್ತೊಮ್ಮೆ ನೋಂದಾಯಿಸಿಕೊಳ್ಳಬೇಕಾಗುತ್ತದೆ. ಸಿಯುಇಟಿ ಬರೆದರಷ್ಟೇ ಸೀಟು ತಾನಾಗಿ ಹಂಚಿಕೆಯಾಗುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರಗಳು ಕೇಂದ್ರ ಸರ್ಕಾರದ ನಮೂನೆಯಲ್ಲಿರಬೇಕಾದ್ದರಿಂದ ತಹಶೀಲ್ದಾರರ ಕಚೇರಿಯಿಂದ ಅವನ್ನು ಮೊದಲೇ ಮಾಡಿಸಿಟ್ಟುಕೊಂಡಿರಬೇಕು.